ಗೃಹಸ್ಥರಿಗೆ ಕಾನೂನು: ಆಪಾದಿತನಿಗೆ ಸಲ್ಲುವ ಕಾಗದಗಳು

ಪೋಲೀಸಿನವರು ಮನೆಗೆ ಬಂದು ಮಗನನ್ನೋ ಅಳಿಯನನ್ನೋ ಕರೆದುಕೊಂಡು ಹೋದರೆಂದರೆ, ಗೃಹಸ್ಥನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆಯು ಜಾಮೀನು ಯಾವಾಗ ದೊರೆಯುವುದೆಂಬುದು. ಅದು ಸಹಜವೇ ಸರಿ. ಆದರೆ ಮೊಕದ್ದಮೆಯ ಜಯಾಪಜಯಗಳು ಬಹುಮಟ್ಟಿಗೆ ನಿಂತಿರುವುದು ಬೇರೊಂದು ಪ್ರಶ್ನೆಯ ಮೇಲೆ. ಇವನ ವಿರುದ್ಧವಾಗಿ ಯಾರು ಏನು ಹೇಳಿದ್ದಾರೆ? ಯಾವ ಕಾಗದಗಳನ್ನು ಕೂಡಿಸಿದ್ದಾರೆ? ಅವುಗಳ ನಕಲುಗಳು ನಮ್ಮ ಕೈಗೆ ಬಂದಿವೆಯೇ? ನಕಲುಗಳನ್ನು ಪಡೆಯುವ ಹಕ್ಕು ಇಂದು ಸಹಜವೆಂದು ತೋರಿದರೂ, ನಮ್ಮ ದೇಶದಲ್ಲಿ ಅದು ಒಂದೇ ಸಲಕ್ಕೆ ಬಂದುದಲ್ಲ.

1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 162ನೆಯ ಕಲಮನ್ನು ನೋಡಬೇಕು. ತನಿಖೆಯ ಕಾಲದಲ್ಲಿ ಸಾಕ್ಷಿಯು ಹೇಳಿದುದನ್ನು ಪೋಲೀಸಿನವರು ಬರೆದುಕೊಂಡಿದ್ದರೆ, ಆಪಾದಿತನು ಕೇಳಿಕೊಂಡಲ್ಲಿ ನ್ಯಾಯಾಧೀಶರು ಆ ಬರಹವನ್ನು ತಾವು ನೋಡತಕ್ಕದ್ದು. ನ್ಯಾಯಕ್ಕೆ ಉಚಿತವೆಂದು ತೋರಿದರೆ ಮಾತ್ರ ಅದರ ನಕಲನ್ನು ಅವನಿಗೆ ಕೊಡಿಸಬಹುದು. ನೋಡುವುದು ಕಡ್ಡಾಯ, ಕೊಡಿಸುವುದು ಅವರ ಇಚ್ಛೆ! 1923ರಲ್ಲಿ ಈ ಕಲಮು ತಿದ್ದುಪಡಿಯಾಗಿ, ಕೇಳಿದವನಿಗೆ ನಕಲನ್ನು ಕೊಡಿಸಲೇಬೇಕೆಂದಾಯಿತು; ಸಂಬಂಧಪಡದ ಅಥವಾ ಸಾರ್ವಜನಿಕ ಹಿತಕ್ಕೆ ಬಾಧಕವಾದ ಭಾಗವನ್ನು ಬಿಡಿಸುವ ಅಧಿಕಾರವು ಮಾತ್ರ ನ್ಯಾಯಾಧೀಶರಲ್ಲಿ ಉಳಿಯಿತು.

ಒಂದು ನಕಲಿಗೆ ಇಷ್ಟು ಬೆಲೆ ಏಕೆಂದು ವಾಚಕರು ಕೇಳಬಹುದು. ರಾತ್ರಿ ನಡೆದ ಒಂದು ಹೊಡೆದಾಟವನ್ನು ಕಲ್ಪಿಸಿಕೊಳ್ಳಿರಿ. ಸಾಕ್ಷಿಯು ಮರುದಿನ ಪೋಲೀಸಿನವರ ಮುಂದೆ "ಕತ್ತಲೆಯಿತ್ತು, ಹೊಡೆದವನ ಮುಖ ಕಾಣಲಿಲ್ಲ" ಎಂದಿರುತ್ತಾನೆ. ವರ್ಷ ಕಳೆದ ಮೇಲೆ ಅವನೇ ಸಾಕ್ಷಿಕಟ್ಟೆಯಲ್ಲಿ ನಿಂತು, ಬೆಳುದಿಂಗಳಿತ್ತು, ಇವನನ್ನೇ ಕಂಡೆನೆಂದು ಬೆರಳು ತೋರಿಸುತ್ತಾನೆ. ಮೊದಲಿನ ಮಾತಿನ ನಕಲು ಕೈಯಲ್ಲಿದ್ದರೆ ವಕೀಲರು "ಅಂದು ಹಾಗೆ ಹೇಳಿದೆಯಲ್ಲ?" ಎಂದು ಕೇಳಬಲ್ಲರು, ಇಲ್ಲದಿದ್ದರೆ ಅಂತಹ ಮಾತೊಂದಿತ್ತೆಂಬುದೇ ಅವರಿಗೆ ತಿಳಿಯದು. ಗುಂಟೂರು ಸೀಮೆಯ ಪುಲುಕುರಿ ಕೊಟ್ಟಯ್ಯ ಎಂಬವರ ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು 1946ರ ಕೊನೆಯಲ್ಲಿ ಈ ವಿಷಯವನ್ನು ವಿಚಾರಿಸಿತು. ಹೇಳಿಕೆಗಳನ್ನು ಆಪಾದಿತನಿಗೆ ಕೊಡದೆಯೇ ಹೋದರೆ ಅವನಿಗೆ ಅನ್ಯಾಯವಾಯಿತೆಂದು ಊಹಿಸದೆ ಇರುವುದು ಕಷ್ಟವೆಂದು ಅದು ಹೇಳಿತು. ಆದರೆ ಆ ಮೊಕದ್ದಮೆಯಲ್ಲಿ ಹೇಳಿಕೆಗಳು ತಡವಾಗಿಯಾದರೂ ಬಂದಿದ್ದುವೆಂದು, ಆ ಲೋಪದಿಂದಲೇ ವಿಚಾರಣೆಯು ಕೆಡಲಿಲ್ಲವೆಂದು ನಿರ್ಣಯಿಸಿತು.

ತಡ ಎಂಬುದೇ ಆ ಪದ್ಧತಿಯ ದೊಡ್ಡ ದೋಷವಾಗಿತ್ತು. ಸಾಕ್ಷಿಯನ್ನು ಕರೆದ ಮೇಲೆ ನಕಲು ಕೇಳಬೇಕು. ಕೈಗೆ ಬಂದುದನ್ನು ನಿಂತಲ್ಲಿಯೇ ಓದಿಕೊಂಡು ಪಾಟೀಸವಾಲು ನಡೆಸಬೇಕು. 1955ರ 26ನೆಯ ಆಕ್ಟು ಈ ಕ್ರಮವನ್ನೇ ತಿರುಗಿಸಿತು. ವಿಚಾರಣೆ ಮೊದಲಾಗುವ ಮುಂಚೆಯೇ, ಬೆಲೆಯಿಲ್ಲದೆ, ಪೋಲೀಸ್ ವರದಿ, ಪ್ರಥಮ ವರ್ತಮಾನ ವರದಿ, ಕರೆಯಲಿರುವ ಸಾಕ್ಷಿಗಳ ಹೇಳಿಕೆಗಳು, ಪ್ರಾಸಿಕ್ಯೂಷನ್ನಿನವರು ನೆಚ್ಚುವ ಇತರ ದಸ್ತಾವೇಜುಗಳು ಇವೆಲ್ಲವುಗಳ ನಕಲುಗಳನ್ನು ಪೋಲೀಸಿನವರು ಆಪಾದಿತನಿಗೆ ಕೊಡತಕ್ಕದ್ದೆಂದಾಯಿತು. 1973ರ ಕೋಡಿನ 207ನೆಯ ಕಲಮು ಈ ಹೊಣೆಯನ್ನು ಮ್ಯಾಜಿಸ್ಟ್ರೇಟರ ಮೇಲೆ ಹೊರಿಸಿತು.

ಇಲ್ಲಿಗೆ ಎಲ್ಲವೂ ಸರಿಯಾಯಿತೆಂದು ತಿಳಿಯಬಾರದು. "ನೆಚ್ಚುವ" ಎಂಬ ಒಂದು ಮಾತಿನಲ್ಲಿ ದೊಡ್ಡ ಬಿರುಕಿದೆ. ತನಿಖೆ ಮಾಡಿದವರು ಹತ್ತು ಮಂದಿಯನ್ನು ಕೇಳಿ, ಆರು ಮಂದಿಯ ಮಾತನ್ನು ಆರಿಸಿಕೊಂಡು, ಉಳಿದ ನಾಲ್ವರದನ್ನು ಬದಿಗಿಟ್ಟರೆ, ಆ ನಾಲ್ವರಲ್ಲಿಯೇ ಆಪಾದಿತನ ಬಿಡುಗಡೆ ಅಡಗಿರಬಹುದಷ್ಟೆ. ಈ ಬಿರುಕನ್ನು ಮುಚ್ಚುವ ಕಾರ್ಯವು ನ್ಯಾಯಸ್ಥಾನಗಳ ಪಾಲಿಗೆ ಬಂದಿತು. ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನಡೆಯುತ್ತಿದ್ದ ವಿ. ಕೆ. ಶಶಿಕಲಾ ಅವರ ಮೊಕದ್ದಮೆಯಲ್ಲಿ, ವಶಪಡಿಸಿಕೊಂಡು ನ್ಯಾಯಾಲಯಕ್ಕೆ ಒಪ್ಪಿಸಿದ್ದರೂ ಸಾಕ್ಷ್ಯವಾಗಿ ಗುರುತು ಹಾಕದೆ ಉಳಿದ ಕಾಗದಗಳನ್ನು ನೋಡಬೇಕೆಂಬ ಬೇಡಿಕೆ ಎದ್ದಿತು. ಕೆಳಗೆ ಅದು ನಿರಾಕೃತವಾಗಿ, ಕೊನೆಗೆ 2012ರಲ್ಲಿ ಸುಪ್ರೀಂ ಕೋರ್ಟು ಪರಿಶೀಲನೆಗೆ ಅವಕಾಶ ಕೊಟ್ಟಿತು. 2021ರಲ್ಲಿ ಅದೇ ಕೋರ್ಟು ಎಲ್ಲ ಹೈಕೋರ್ಟುಗಳಿಗೂ ಒಂದು ಮಾದರಿ ನಿಯಮಾವಳಿಯನ್ನು ಕಳುಹಿಸಿತು. ತಾವು ನೆಚ್ಚದ ಹೇಳಿಕೆ, ದಸ್ತಾವೇಜು, ವಸ್ತುಗಳ ಪಟ್ಟಿಯನ್ನೂ ಕೊಡಬೇಕೆಂಬುದು ಅದರೊಳಗಿನ ಮುಖ್ಯಾಂಶ. ನಿಯಮಗಳು ಇನ್ನೂ ಜಾರಿಗೆ ಬಾರದ ಕಡೆಯಲ್ಲಿಯೂ ಪಟ್ಟಿಯನ್ನು ಕೊಡತಕ್ಕದ್ದೆಂದು 2022ರ ಮನೋಜ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಕೊಡುವುದು ಪಟ್ಟಿಯನ್ನು ಮಾತ್ರ. ಅದರಲ್ಲಿ ಬೇಕಾದುದನ್ನು ತರಿಸಲು ಬೇರೆ ಅರ್ಜಿ ಹಾಕಬೇಕು. ನಮ್ಮ ಅಭಿಪ್ರಾಯದಲ್ಲಿ ಇಷ್ಟಾದರೂ ದೊಡ್ಡ ಲಾಭವೇ. ಇದೆಯೆಂದೇ ತಿಳಿಯದ ಕಾಗದವನ್ನು ಯಾರು ಕೇಳಬಲ್ಲರು?

ಕೊಡಬಾರದ ಸಂದರ್ಭಗಳೂ ಉಂಟು. ಕೇರಳದ ಒಂದು ಮೊಕದ್ದಮೆಯಲ್ಲಿ, ದೌರ್ಜನ್ಯಕ್ಕೆ ಗುರಿಯಾದ ಸ್ತ್ರೀಯ ದೃಶ್ಯಗಳಿದ್ದ ಮೆಮೊರಿ ಕಾರ್ಡಿನ ನಕಲನ್ನು ಆಪಾದಿತನು ಬೇಡಿದನು. ಅದು ದಸ್ತಾವೇಜೇ ಹೌದೆಂದು 2019ರಲ್ಲಿ ಒಪ್ಪಿಕೊಂಡ ಸುಪ್ರೀಂ ಕೋರ್ಟು, ಆ ಸ್ತ್ರೀಯ ಮಾನರಕ್ಷಣೆಗಾಗಿ ನಕಲನ್ನು ಕೊಡಿಸದೆ, ವಕೀಲರೊಡನೆಯೂ ತಜ್ಞರೊಡನೆಯೂ ಬಂದು ನೋಡುವುದಕ್ಕೆ ಮಾತ್ರ ಅನುಮತಿಸಿತು. ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ಸರಿಯೆಂದೇ ಹೇಳುವರು. ಪೋಲೀಸಿನವರ ತನಿಖಾ ದಿನಚರಿಯನ್ನು ಕೇಳುವ ಹಕ್ಕಂತೂ ಇಂದಿಗೂ ಆಪಾದಿತನಿಗಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೆಯ ಕಲಮು ದಿನಗಳ ಲೆಕ್ಕವನ್ನು ಹಾಕಿದೆ. ಆಪಾದಿತನು ಹಾಜರಾದ ದಿನದಿಂದ 14 ದಿನಗಳೊಳಗೆ ನಕಲುಗಳು ಸಲ್ಲತಕ್ಕದ್ದು. ನೊಂದವರು ವಕೀಲರನ್ನು ಇಟ್ಟುಕೊಂಡಿದ್ದರೆ ಅವರಿಗೂ ಸಲ್ಲತಕ್ಕದ್ದು. ಇದು ಹೊಸತು, ಮೆಚ್ಚತಕ್ಕದ್ದು. ಆದರೆ ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿದರೂ ಕೊಟ್ಟಂತೆಯೇ ಎಂದಿರುವುದು ನಮಗೆ ಅಷ್ಟು ರುಚಿಸಲಿಲ್ಲ. ಸಾವಿರ ಹಾಳೆಗಳನ್ನು ಕೈಫೋನಿನ ಗಾಜಿನ ಮೇಲೆ ಓದಿಕೊಳ್ಳಿರೆಂದು ಹಳ್ಳಿಯ ರೈತನಿಗೆ ಹೇಳಿದರೆ ಅವನು ಏನು ಮಾಡಿಯಾನು?

ನಕಲುಗಳು ಮುಟ್ಟಿದುವೆಂದು ನ್ಯಾಯಾಲಯದಲ್ಲಿ ರುಜು ಹಾಕುವ ಮೊದಲು ವಕೀಲರೊಡನೆ ಕುಳಿತು ಹಾಳೆಗಳನ್ನು ಎಣಿಸಬೇಕು. ಸಾಕ್ಷಿಗಳ ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರಿಗೂ ಹೇಳಿಕೆಯುಂಟೋ ಎಂದು ತಾಳೆ ನೋಡಬೇಕು. ಓದಲಾರದ ಹಾಳೆಗಳಿದ್ದರೆ ಆ ದಿನವೇ ಬರಹದಲ್ಲಿ ತಿಳಿಸಬೇಕು. ನೆಚ್ಚದ ಕಾಗದಗಳ ಪಟ್ಟಿಯು ಬಂದಿರದಿದ್ದರೆ, ಅದನ್ನೂ ಅದೇ ಅರ್ಜಿಯಲ್ಲಿ ಕೇಳಬಹುದು.