ಆಳಂದಕ್ಕೆ ಅರಸನಾರು? ಸೆಪ್ಟೆಂಬರ್ 17ರ ಕುರಿತು ನನ್ನದೊಂದು ತಕರಾರು



ಪ್ರತಿವರ್ಷ ಸೆಪ್ಟೆಂಬರ್ ತಿಂಗಳು ಕಾಲಿಟ್ಟೊಡನೆ ನನ್ನ ಮೊಬೈಲಿಗೆ ಎರಡು ಬಗೆಯ ಸಂದೇಶಗಳು ಬರತೊಡಗುತ್ತವೆ. ಒಂದರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಸಾಕ್ಷಾತ್ ದಾನಶೂರ ಕರ್ಣ. ಇನ್ನೊಂದರಲ್ಲಿ ಅದೇ ಮನುಷ್ಯ ಹಿರಣ್ಯಕಶಿಪು. ಎರಡನ್ನೂ ಕಳುಹಿಸುವವರು ನನ್ನ ಶಿಷ್ಯರೇ. ಒಂದೇ ಬೆಂಚಿನ ಮೇಲೆ ಕುಳಿತು ನನ್ನ ಬಾಯಿಂದಲೇ ಇತಿಹಾಸ ಕೇಳಿದವರು ಇಂದು ಹೀಗೆ ಎರಡು ದಿಕ್ಕಿಗೆ ನಿಂತಿರುವುದರಲ್ಲಿ ಅರ್ಧ ತಪ್ಪು ಮೇಷ್ಟರದೇ ಇರಬೇಕು. ತರಗತಿಯಲ್ಲಿ ನಲವತ್ತು ನಿಮಿಷದ ಅವಧಿಯೊಳಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಮೊದಲು ಕರ್ಣನ ಕಥೆಯನ್ನು ನೋಡೋಣ. 1965ರ ಯುದ್ಧಕಾಲದಲ್ಲಿ ನಿಜಾಮರು ದೇಶಕ್ಕೆ ಐದು ಸಾವಿರ ಕಿಲೋ ಚಿನ್ನವನ್ನು ದಾನ ಮಾಡಿದರೆಂಬ ಸಂದೇಶ ನನಗೆ ಇದುವರೆಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಅವರು ಕೊಟ್ಟದ್ದು 425 ಕಿಲೋ, ಅದೂ ದಾನವಲ್ಲ. ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡುಗಳಲ್ಲಿ ಶೇ. 6.5 ಬಡ್ಡಿಗೆ ತೊಡಗಿಸಿದ್ದು. ಸಂಕಟಕಾಲದಲ್ಲಿ ಸರಕಾರಕ್ಕೆ ಸಾಲ ಕೊಡುವುದು ಒಳ್ಳೆಯ ಕೆಲಸವೇ ಸರಿ. ಆದರೆ ಬಡ್ಡಿಯ ಸಾಲಕ್ಕೆ ದಾನವೆಂಬ ಹೆಸರು ಸಲ್ಲದು. ನಮ್ಮೂರ ಸಾವುಕಾರನೂ ಆ ಲೆಕ್ಕದಲ್ಲಿ ಕರ್ಣನೇ ಆಗಿಬಿಡುತ್ತಾನೆ.

‘ನಮಗೆ ರೈಲು ಕೊಟ್ಟವರು ನಿಜಾಮರು’ ಎಂಬುದು ಇನ್ನೊಂದು ಮಾತು. ಕಲಬುರಗಿಯ ಮೂಲಕ ರಾಯಚೂರಿಗೆ ಹಾಯುವ ಮುಂಬಯಿ ಮಾರ್ಗವನ್ನು ಹಾಕಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಎಂಬ ಆಂಗ್ಲ ಕಂಪನಿ. ನಿಜಾಮರ ಹಳಿ ವಾಡಿಯಿಂದ ಹೈದರಾಬಾದಿನ ಕಡೆಗೆ ಹೊರಟಿತು, ಅಂದರೆ ನಮಗೆ ಬೆನ್ನು ಮಾಡಿ. ಅವರ ಕಾಲ ಮುಗಿಯುವವರೆಗೂ ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ಪಟ್ಟಣಗಳಿಗೆ ರೈಲು ಬರಲಿಲ್ಲ.

ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾತು ಬೇರೆ. 1918ರಷ್ಟು ಹಿಂದೆಯೇ ವೈದ್ಯ, ವಿಜ್ಞಾನಗಳನ್ನೂ ಭಾರತೀಯ ಭಾಷೆಯೊಂದರಲ್ಲಿ ಕಲಿಸಲು ಹೊರಟ ಆ ಸಾಹಸಕ್ಕೆ, ಅದಕ್ಕೆಂದೇ ಭಾಷಾಂತರ ಇಲಾಖೆಯನ್ನು ತೆರೆದ ದೂರದೃಷ್ಟಿಗೆ ಅಧ್ಯಾಪಕನಾಗಿ ನಾನು ತಲೆಬಾಗುತ್ತೇನೆ. ಕನ್ನಡದಲ್ಲಿ ನಾವು ಇಂದಿಗೂ ಅಷ್ಟು ಮಾಡಿಲ್ಲ. ಆದರೆ ಆ ಭಾಷೆ ಉರ್ದು. ಸಂಸ್ಥಾನದ ಪ್ರಜೆಗಳಲ್ಲಿ ನೂರಕ್ಕೆ ಹತ್ತು ಹನ್ನೊಂದು ಮಂದಿಯಷ್ಟಿದ್ದ ಕನ್ನಡಿಗರಿಗೆ, ಅವರಿಗಿಂತ ಬಹಳ ಹೆಚ್ಚಿದ್ದ ತೆಲುಗರಿಗೆ ಮತ್ತು ಮರಾಠಿಗರಿಗೆ ಅದು ಮನೆಮಾತಲ್ಲ. 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ಹುಟ್ಟಿದ್ದು ಅರಮನೆಯ ಕೃಪೆಯಿಂದಲ್ಲ, ಊರವರ ಪ್ರಯತ್ನದಿಂದ ಎಂಬುದನ್ನು ನೆನಪಿಡಬೇಕು.

ಇನ್ನು ಹಿರಣ್ಯಕಶಿಪುವಿನ ಕಥೆ. ಇದನ್ನು ಕಳುಹಿಸುವವರ ವಾದ ಸರಳ: ಅದು ಮುಸಲ್ಮಾನರ ಆಳ್ವಿಕೆ, ನಾವು ಗುಲಾಮರು, ಸರದಾರ ಪಟೇಲರು ಬಂದರು, ಬಿಡುಗಡೆಯಾಯಿತು. ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರರು ನಡೆಸಿದ ಸುಲಿಗೆ, ಕೊಲೆ, ಬೆಂಕಿಗಳನ್ನು ಯಾರೂ ಅಲ್ಲಗಳೆಯಲಾರರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡವನ್ನು ಮರೆಯುವುದು ಪಾಪ. ಆದರೆ ಅದೇ ವರ್ಷದ ಆಗಸ್ಟ್ 22ರಂದು, ಹೈದರಾಬಾದು ಭಾರತದಲ್ಲಿ ಸೇರಬೇಕೆಂದು ತನ್ನ ‘ಇಮ್ರೋಜ್’ ಪತ್ರಿಕೆಯಲ್ಲಿ ಬರೆದದ್ದಕ್ಕಾಗಿ ನಡುಬೀದಿಯಲ್ಲಿ ಕೊಲೆಯಾದ ಶೋಯಬುಲ್ಲಾ ಖಾನ್ ಯಾವ ಮತದವನು? ಆತನ ಹೆಸರು ನಿಮ್ಮ ಸಂದೇಶಗಳಲ್ಲಿ ಏಕೆ ಬರುವುದಿಲ್ಲ?

ಬಾರದಿರುವುದು ಇನ್ನೂ ಒಂದಿದೆ. ಸೈನ್ಯ ಬಂದುಹೋದ ಮೇಲಿನ ವಾರಗಳಲ್ಲಿ ಏನಾಯಿತೆಂಬುದನ್ನು ನೋಡಿ ಬರಲು ಪಂಡಿತ ಸುಂದರಲಾಲರ ಸಮಿತಿಯೊಂದನ್ನು ಕೇಂದ್ರ ಸರಕಾರವೇ ಕಳುಹಿಸಿತು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ವರೆಗೆ ಅವರು ಸಂಸ್ಥಾನವನ್ನು ಸುತ್ತಿದರು. ಅತಿಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದ್ದು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ಈ ನಾಲ್ಕರಲ್ಲೇ ಸತ್ತವರು ಹದಿನೆಂಟು ಸಾವಿರಕ್ಕೆ ಕಡಿಮೆಯಿಲ್ಲವೆಂದು ವರದಿ ಬರೆದರು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಬಡವರು. ವರದಿ ದಶಕಗಳ ಕಾಲ ಕಪಾಟಿನೊಳಗಿತ್ತು. ಗೋರ್ಟಾವನ್ನು ಹೇಳಿ ಇದನ್ನು ನುಂಗುವವನೂ, ಇದನ್ನು ಹೇಳಿ ಗೋರ್ಟಾವನ್ನು ನುಂಗುವವನೂ ನನ್ನ ತರಗತಿಯಲ್ಲಿದ್ದಿದ್ದರೆ ಇಬ್ಬರಿಗೂ ಒಂದೇ ಅಂಕ ಕೊಡುತ್ತಿದ್ದೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಈ ಎರಡೂ ಪಕ್ಷದವರು ಒಂದು ವಿಷಯದಲ್ಲಿ ಏಕಾಭಿಪ್ರಾಯದವರು: ಇಬ್ಬರಿಗೂ ನಿಜಾಮನೊಬ್ಬನೇ ಅರಸ. ನಮ್ಮ ಅಜ್ಜಿಯ ಬಾಯಿಂದ ‘ನಿಜಾಮ’ ಎಂಬ ಮಾತನ್ನು ನಾನು ಕೇಳಿದ್ದೇ ಅಪರೂಪ. ಆಕೆ ಹೇಳುತ್ತಿದ್ದುದು ‘ಪಾಯಗಾದವರು’, ‘ಜಹಗೀರದವರು’ ಎಂದು. ಏಕೆಂದರೆ ಆಳಂದವೂ ಅಫಜಲಪುರವೂ ನಿಜಾಮರ ನೇರ ಆಡಳಿತದಲ್ಲಿ ಇರಲೇ ಇಲ್ಲ. ಅವು ಪಾಯಗಾ ತಾಲೂಕುಗಳು. ಪಾಯಗಾ ಎಂದರೆ ಅರಸನಿಗೆ ಪಡೆ ಇಟ್ಟು ಸಾಕಬೇಕೆಂದು ದೊಡ್ಡ ಅಮೀರ ಮನೆತನವೊಂದಕ್ಕೆ ಬಿಟ್ಟುಕೊಟ್ಟ ಸೀಮೆ. ಅವರು ಅರಮನೆಯೊಡನೆ ಹೆಣ್ಣು ಕೊಟ್ಟು ತಂದ ಬೀಗರು. ಅವರದೇ ತಹಸೀಲು, ಅವರದೇ ಪೊಲೀಸು, ಅವರದೇ ನ್ಯಾಯಾಲಯ. ಇಂದಿನ ಜೇವರ್ಗಿಯ ಭಾಗವಾದರೋ ಅಂದೋಲಾ ತಾಲೂಕೆಂಬ ಹೆಸರಿನಲ್ಲಿ ದಿವಾನಿ ಅಥವಾ ಖಾಲ್ಸಾ, ಅಂದರೆ ಸರಕಾರದ ನೇರ ಆಡಳಿತದಲ್ಲಿತ್ತು. ಒಂದೇ ಭೀಮಾನದಿಯ ದಡದಲ್ಲಿ, ಒಂದೇ ಕರಿಯ ಎರೆಭೂಮಿಯಲ್ಲಿ, ಒಂದೇ ಬಿಳಿಜೋಳ ಬೆಳೆಯುವ ಇಬ್ಬರು ರೈತರು ಇಬ್ಬರು ಬೇರೆ ಒಡೆಯರ ಕೈಕೆಳಗಿದ್ದರು. ಇಡೀ ಸಂಸ್ಥಾನದ ನೆಲವನ್ನು ಹತ್ತು ಪಾಲು ಮಾಡಿದರೆ ಸುಮಾರು ಆರು ಪಾಲು ದಿವಾನಿ, ಮೂರು ಪಾಲು ಜಹಗೀರು, ಉಳಿದೊಂದು ಪಾಲು ‘ಸರ್ಫ್-ಎ-ಖಾಸ್’, ಎಂದರೆ ಅರಸನ ಸ್ವಂತ ಖರ್ಚಿಗೆ ಮೀಸಲಾದ ನೆಲ. ಜಹಗೀರು ಹಳ್ಳಿಗಳಲ್ಲಿ ಕಂದಾಯದ ಹೊರೆ ಪಕ್ಕದ ದಿವಾನಿ ಹಳ್ಳಿಗಿಂತ ಹೆಚ್ಚಾಗಿರುವುದು ಸಾಮಾನ್ಯವಾಗಿತ್ತು. ಮೋಜಣಿಯೇ ಆಗದ ಊರುಗಳಿದ್ದವು. ಅಲ್ಲಿ ಜಹಗೀರದಾರನ ಕಾರಕೂನ ಹೇಳಿದ್ದೇ ಅಳತೆ.

ಮೇಲೆ ನೋಡಿದರೆ ನಿಜಾಮನೂ ಸ್ವತಂತ್ರನಲ್ಲ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಬಂಡಾಯವನ್ನು ಆಂಗ್ಲರು ಹತ್ತಿಕ್ಕಿದರು. 1860ರಲ್ಲಿ ಆ ಸೀಮೆಯನ್ನು ನಿಜಾಮರಿಗೆ ನಿಷ್ಠೆಯ ಬಹುಮಾನವಾಗಿ ಕೊಟ್ಟರು. 1918ರಲ್ಲಿ ಉಸ್ಮಾನ್ ಅಲಿ ಖಾನರಿಗೆ ಬೇರಾವ ರಾಜನಿಗೂ ಇಲ್ಲದ ಘನವಾದ ಬಿರುದನ್ನು ದಯಪಾಲಿಸಿದರು. ಆದರೆ ಅವರು ಬೇರಾರ್ ಪ್ರಾಂತವನ್ನು ಮರಳಿ ಕೇಳಿದಾಗ 1926ರಲ್ಲಿ ವೈಸರಾಯ್ ಲಾರ್ಡ್ ರೀಡಿಂಗ್ ಬರೆದ ಪತ್ರದಲ್ಲಿದ್ದುದು, ಸಮಾನನಂತೆ ಮಾತನಾಡಬೇಡ, ಸಾರ್ವಭೌಮತ್ವ ನಮ್ಮದು ಎಂಬ ಅರ್ಥದ ಉತ್ತರ. ಹೀಗೆ ಅದು ಮೂರು ಅಂತಸ್ತಿನ ಮಾಳಿಗೆ. ಮೇಲಂತಸ್ತಿನಲ್ಲಿ ಆಂಗ್ಲ ರೆಸಿಡೆಂಟ್, ನಡುವೆ ನಿಜಾಮ, ಕೆಳಗೆ ಪಾಯಗಾ ಅಮೀರ. ಹೊಸ್ತಿಲ ಬಳಿ ನಿಂತವರೋ ನಮ್ಮವರೇ: ಮಾಲಿಪಾಟೀಲ, ಪೊಲೀಸಪಾಟೀಲ, ಕುಲಕರ್ಣಿ, ದೇಶಮುಖ. ಬಿಟ್ಟಿ ಚಾಕರಿಗೆ ಕೇರಿಯಿಂದ ಜನರನ್ನು ಎಬ್ಬಿಸಿಕೊಂಡು ಬರುತ್ತಿದ್ದವರು ಹೈದರಾಬಾದಿನಿಂದ ಬಂದವರಲ್ಲ. ಇದನ್ನು ಬರೆಯುವಾಗ ನಮ್ಮ ಬಳಗದಲ್ಲೇ ಕೆಲವರು ಹುಬ್ಬು ಗಂಟಿಕ್ಕುವರೆಂದು ಬಲ್ಲೆ. ವತನದಾರಿಕೆಯ ಅಡ್ಡಹೆಸರನ್ನು ಹೆಮ್ಮೆಯಿಂದ ಹೊತ್ತುಕೊಂಡು, ಅದರ ಲೆಕ್ಕವನ್ನು ಮಾತ್ರ ಪರಮತದವನ ಖಾತೆಗೆ ಬರೆಯುವುದು ಯಾವ ನ್ಯಾಯ?

ಇಲ್ಲಿ ದೂರದ ಒಂದು ದೇಶದ ಮಾತು ಹೇಳುತ್ತೇನೆ. ಪ್ರಥಮ ಮಹಾಯುದ್ಧದ ಪಾಠ ಮಾಡುವಾಗ ಅಲ್ಬೇನಿಯಾದ ಅರಸನ ಕಥೆ ಹೇಳಿ ನಿಮ್ಮನ್ನು ನಗಿಸುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. 1912ರಲ್ಲಿ ತುರ್ಕರಿಂದ ಬಿಡಿಸಿಕೊಂಡ ಆ ಪುಟ್ಟ ದೇಶಕ್ಕೆ ಯುರೋಪಿನ ದೊಡ್ಡ ರಾಷ್ಟ್ರಗಳು ವೀಡ್ ಮನೆತನದ ವಿಲ್ಹೆಲ್ಮ್ ಎಂಬ ಜರ್ಮನ್ ರಾಜಕುಮಾರನನ್ನು ಆರಿಸಿ ಕಳುಹಿಸಿದವು. 1914ರ ಮಾರ್ಚ್ 7ರಂದು ದುರೆಸ್ ಬಂದರಿನಲ್ಲಿ ಇಳಿದವನು ಸೆಪ್ಟೆಂಬರ್ 3ರಂದು ಹಡಗು ಹತ್ತಿ ಹೊರಟುಹೋದ. ಬಳಿಕ ಅಹ್ಮದ್ ಜೋಗು ಎಂಬ ಸ್ಥಳೀಯ ಮುಖಂಡ 1925ರಲ್ಲಿ ಅಧ್ಯಕ್ಷನಾಗಿ, 1928ರ ಸೆಪ್ಟೆಂಬರ್ 1ರಂದು ತನ್ನನ್ನು ತಾನೇ ರಾಜನೆಂದು ಸಾರಿಕೊಂಡ. ಇಟಲಿಯ ಹಣದಿಂದ ನಿಂತ ಸಿಂಹಾಸನವನ್ನು 1939ರ ಏಪ್ರಿಲಿನಲ್ಲಿ ಇಟಲಿಯೇ ಕಿತ್ತುಕೊಂಡಿತು. ವಿನೋದವೆಂದರೆ, ಇವನೂ ನಮ್ಮ ನಿಜಾಮನೂ ತಮ್ಮ ಗದ್ದುಗೆಗೆ ಹೊಳಪು ಬರಲೆಂದು ಹುಡುಕಿದ್ದು ಒಂದೇ ಮನೆಯ ಸಂಬಂಧವನ್ನು: ರಾಜ್ಯ ಕಳೆದುಕೊಂಡ ಉಸ್ಮಾನಿ ತುರ್ಕಿ ಅರಸುಮನೆ. 1931ರಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ನಿಜಾಮನ ಇಬ್ಬರು ಮಕ್ಕಳಿಗೆ ಆ ಮನೆಯ ದುರ್ರುಶೆವಾರ್, ನೀಲೋಫರ್ ರಾಜಕುಮಾರಿಯರನ್ನು ತಂದುಕೊಂಡರು. 1936ರಲ್ಲಿ ಜೋಗು ತನ್ನ ತಂಗಿಯನ್ನು ಸುಲ್ತಾನ ಅಬ್ದುಲ್ ಹಮೀದನ ಮಗನಿಗೆ ಕೊಟ್ಟ.

ಆದರೆ ನಾನು ಈ ಕಥೆ ತೆಗೆದದ್ದು ಮದುವೆಗಳಿಗಾಗಿ ಅಲ್ಲ. ಜೋಗು 1930ರಲ್ಲಿ ಭೂಸುಧಾರಣೆಯ ಕಾನೂನು ಮಾಡಿದನಾದರೂ ಅದು ಕಾಗದದಲ್ಲೇ ಉಳಿಯಿತು. ಅಲ್ಲಿಯ ಬೇಗಳೆಂಬ ಜಮೀನುದಾರರು ಅಲ್ಲಾಡಲಿಲ್ಲ. ರಾಜ ಓಡಿಹೋದದ್ದು 1939ರಲ್ಲಿ, ಬೇಗಳ ಭೂಮಿ ಕೈಬಿಟ್ಟದ್ದು 1945ರಲ್ಲಿ. ಅಲ್ಲಿಯ ಉಳುವವನಿಗೆ ಈ ಎರಡರಲ್ಲಿ ಯಾವುದು ದೊಡ್ಡ ದಿನವಾಗಿದ್ದಿತು?

ಅದೇ ಪ್ರಶ್ನೆಯನ್ನು ಆಳಂದಕ್ಕೆ ಕೇಳಿ. 1948ರ ಸೆಪ್ಟೆಂಬರ್ 13ರಂದು ಸೈನ್ಯ ಗಡಿ ದಾಟಿತು, 17ರಂದು ನಿಜಾಮ ಶರಣಾದ. ಆದರೆ ಅರಸುತನ ಹೋಯಿತೆ? 1950ರ ಜನವರಿ 26ರಿಂದ ಅದೇ ಉಸ್ಮಾನ್ ಅಲಿ ಖಾನರು ಹೈದರಾಬಾದ್ ರಾಜ್ಯದ ರಾಜಪ್ರಮುಖರು. 1956ರಲ್ಲಿ ರಾಜ್ಯವೇ ಒಡೆಯುವವರೆಗೂ ಆ ಪದವಿ ಅವರದೇ. ವರ್ಷಕ್ಕೆ ಐವತ್ತು ಲಕ್ಷ ರೂಪಾಯಿ ರಾಜಧನ, ಸರ್ಫ್-ಎ-ಖಾಸ್ ಬಿಟ್ಟುಕೊಟ್ಟದ್ದಕ್ಕೆ ಇಪ್ಪತ್ತೈದು ಲಕ್ಷ, ಅರಮನೆಗಳ ನಿರ್ವಹಣೆಗೆ ಮತ್ತೆ ಇಪ್ಪತ್ತೈದು ಲಕ್ಷ. ಹಿರಣ್ಯಕಶಿಪುವಿನ ಹೊಟ್ಟೆ ಸೀಳಿದ ಕಥೆ ಹೇಳುವವರು ಈ ಅಂಕಿಗಳನ್ನು ತಮ್ಮ ಪುರಾಣದಲ್ಲಿ ಎಲ್ಲಿ ಸೇರಿಸುತ್ತಾರೋ ಕಾಣೆ.

ನಮ್ಮ ಸೀಮೆಯ ಮಟ್ಟಿಗೆ ಅರಸುತನ ನಿಜವಾಗಿ ಮುರಿದ ದಿನ 1949ರ ಆಗಸ್ಟ್ 15. ಅಂದು ಜಹಗೀರು ರದ್ದತಿ ಕಾಯಿದೆ ಹೊರಟಿತು; ಪಾಯಗಾ ತಾಲೂಕುಗಳು ಸರಕಾರದ ಆಡಳಿತಕ್ಕೆ ಬಂದವು. ಮರುವರ್ಷ ಗೇಣಿ ಕಾಯಿದೆ ಬಂದಿತು. ಜಹಗೀರದಾರರಿಗೆ ಪರಿಹಾರ ಸಿಕ್ಕಿತು, ಬಿಟ್ಟಿ ದುಡಿದವರಿಗೆ ಒಂದು ಕವಡೆಯೂ ಸಿಗಲಿಲ್ಲ, ಅದು ಬೇರೆ ಮಾತು. ಆದರೂ ಪಾಯಗಾದ ಕಾರಕೂನ ಗಂಟುಕಟ್ಟಿದ ದಿನವೆಂದು ಅಜ್ಜಿ ನೆನೆಯುತ್ತಿದ್ದುದು ಅದನ್ನೇ. ಈ ದಿನಾಂಕವನ್ನು ನಮ್ಮ ಯಾವ ಶಾಲೆಯ ಧ್ವಜಕಟ್ಟೆಯ ಬಳಿಯಾದರೂ ಯಾರಾದರೂ ಉಚ್ಚರಿಸಿದ್ದನ್ನು ನಾನು ಸೇವೆಯಲ್ಲಿದ್ದಷ್ಟು ಕಾಲವೂ ಕೇಳಲಿಲ್ಲ. ನಾನೂ ಉಚ್ಚರಿಸಲಿಲ್ಲ, ಸೆಪ್ಟೆಂಬರ್ 17ರ ಭಾಷಣವನ್ನು ವರ್ಷಾನುವರ್ಷ ಅದೇ ಹಾಳೆಯಿಂದ ಓದಿದೆ. ಅದಕ್ಕೇ ಅರ್ಧ ತಪ್ಪು ನನ್ನದೆಂದು ಮೊದಲೇ ಹೇಳಿದ್ದು.

2019ರ ಸೆಪ್ಟೆಂಬರ್ 17ರಂದು ನಮ್ಮ ಪ್ರದೇಶದ ಹೆಸರು ಹೈದರಾಬಾದ್ ಕರ್ನಾಟಕದಿಂದ ಕಲ್ಯಾಣ ಕರ್ನಾಟಕವಾಯಿತು. ಪಟಾಕಿ ಹಾರಿತು. ಹದಿನೈದು ದಿನ ಕಳೆದು ಅಕ್ಟೋಬರ್ 2ರಂದು ಲಂಡನ್ನಿನ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಅದನ್ನು ಇಲ್ಲಿ ಹೆಚ್ಚು ಜನ ಗಮನಿಸಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಮಂತ್ರಿಯೊಬ್ಬರು ಹತ್ತು ಲಕ್ಷ ಪೌಂಡಿಗೂ ತುಸು ಹೆಚ್ಚಿನ ಹಣವನ್ನು ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರರ ಖಾತೆಗೆ ದಾಟಿಸಿದ್ದರು. ಬ್ಯಾಂಕಿನಲ್ಲೇ ಬೆಳೆದು ಅದು ಮೂರೂವರೆ ಕೋಟಿ ಪೌಂಡಾಗಿತ್ತು. ಪಾಕಿಸ್ತಾನಕ್ಕೆ ಹಕ್ಕಿಲ್ಲ, ಭಾರತಕ್ಕೂ ನಿಜಾಮರ ಮೊಮ್ಮಕ್ಕಳಿಬ್ಬರಿಗೂ ಸೇರಬೇಕೆಂದು ತೀರ್ಪಾಯಿತು. ತೀರ್ಪಿನ ಕಾನೂನು ಸರಿಯೇ ಇರಬಹುದು. ಆದರೆ ಆ ಹಣ ಹುಟ್ಟಿದ್ದು ಎಲ್ಲಿಂದ? ಹಾಲಿ ಸಿಕ್ಕಾದಲ್ಲಿ ಎಣಿಸಿ ಕಟ್ಟಿದ ಕಂದಾಯದಿಂದ, ಭೀಮೆಯ ಕಡಹಿನಲ್ಲಿ ವಸೂಲಾದ ಕರೋಡಗಿರಿಯಿಂದ. ಹೆಸರು ಬದಲಾದುದಕ್ಕೆ ಹಾರೈಸಿದವರಲ್ಲಿ ಒಬ್ಬರಾದರೂ, ಕೇಂದ್ರದ ಪಾಲಿಗೆ ಬಂದ ಆ ಹಣದಲ್ಲಿ ಅಫಜಲಪುರದ ಒಂದು ಶಾಲೆಗೆ ಮಾಡು ಹಾಕಿಸಿರೆಂದು ಕೇಳಬಾರದಿತ್ತೆ? ಕರ್ಣನ ಭಕ್ತರೂ ಕೇಳಲಿಲ್ಲ, ಹಿರಣ್ಯಕಶಿಪುವಿನ ವೈರಿಗಳೂ ಕೇಳಲಿಲ್ಲ.

ಕೊನೆಗೊಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಉರ್ದುವಿನಲ್ಲಿ ಬರೆದ, ಫಸಲಿ ಸನ ಹಾಕಿದ ಹಳೆಯ ಪಾವತಿ, ಪಟ್ಟಾ, ಪಹಣಿಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಫಸಲಿ ಸನಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಉರ್ದು ಬಲ್ಲ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಓದಿ ಹೇಳಲು ಒಪ್ಪಿದ್ದಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಿದರೂ ಸಾಕು. 1949ಕ್ಕೆ ಮುಂಚಿನವು ಮೊದಲು.