ಲ್ಯಾಬು ಬಿಟ್ಟು ಹೈಸ್ಕೂಲಿಗೆ

ಸಂಶೋಧನೆ ಬಿಟ್ಟು ಹೈಸ್ಕೂಲು ಮೇಷ್ಟರಾಗುತ್ತೇನೆ ಎಂದಾಗ ನಮ್ಮ ಚಿಕ್ಕಪ್ಪ, 'ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲೋ' ಎಂದು ನೊಂದುಕೊಂಡರು. ಪಿಎಚ್.ಡಿ. ಆದವರು ಮಕ್ಕಳಿಗೆ ಪಾಠ ಹೇಳಿದರೆ ವಿಜ್ಞಾನಕ್ಕೆ ನಷ್ಟ ಎಂಬ ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು 1960ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದ ಪಿಎಚ್.ಡಿ. ಪಡೆದು, ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಮರಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅವರು ಮರಳಿದ್ದು ನಷ್ಟವೆಂದು ಇವತ್ತು ಯಾರೂ ಹೇಳಲಾರರು. ಅವರದು ಕಾಲೇಜು, ನಿಜ. ಆದರೆ ಎಸ್ಸೆಸ್ಸೆಲ್ಸಿ ಆದಮೇಲೆ ಎಷ್ಟೋ ಮಕ್ಕಳು ವಿಜ್ಞಾನದ ಪುಸ್ತಕವನ್ನೇ ಮುಟ್ಟುವುದಿಲ್ಲ. ಅವರ ಪಾಲಿಗೆ ಹೈಸ್ಕೂಲೇ ಕೊನೆಯ ಅವಕಾಶ.

ನಮ್ಮ ಶಾಲೆಯಿರುವ ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಗಲ್ಲಿಗೊಂದು ಲೇತ್, ಪಕ್ಕದಲ್ಲೇ ಪ್ಲೇಟಿಂಗ್ ಅಂಗಡಿ. ಹತ್ತನೇ ತರಗತಿಗೆ ಕರೆಂಟಿನಿಂದ ತಾಮ್ರದ ಲೇಪನ ತೋರಿಸಲು ಮೈಲುತುತ್ತದ ನೀರಿಗೆ ಕಬ್ಬಿಣದ ಕೀಲಿಕೈ ಇಳಿಬಿಟ್ಟಿದ್ದೆ. ಮುಂದಿನ ಬೆಂಚಿನ ಹುಡುಗಿ, 'ಸಾರ್, ವೈರ್ ಹಾಕೋಕೆ ಮುಂಚೇನೇ ಕೆಂಪಾಯ್ತು. ಮತ್ತೆ ಕರೆಂಟ್ ಯಾಕೆ ಬೇಕು?' ಎಂದಳು. ಪಾಠ ಅಲ್ಲಿಗೇ ನಿಲ್ಲಿಸಿ ಎರಡು ಲೋಟ ಇಟ್ಟೆವು, ಒಂದಕ್ಕೆ ಸೆಲ್ ಹಾಕಿ, ಇನ್ನೊಂದಕ್ಕೆ ಹಾಕದೆ. ಕಬ್ಬಿಣ ತಾನು ಕರಗುತ್ತಾ ತಾಮ್ರವನ್ನು ಹೊರಗೆಳೆಯುತ್ತದೆ ಎಂಬಲ್ಲಿಗೆ ತಲುಪಿದಾಗ ಗಂಟೆ ಹೊಡೆಯಿತು. ಮಾರನೇ ದಿನ ಅವಳು ಪ್ಲೇಟಿಂಗ್ ಕೆಲಸದ ಅಪ್ಪನನ್ನು ಕೇಳಿಕೊಂಡು ಬಂದಿದ್ದಳು: 'ಕಬ್ಬಿಣದ ಮೇಲೆ ನೇರ ತಾಮ್ರ ಕೂರಲ್ವಂತೆ, ಉಜ್ಜಿದ್ರೆ ಹೋಗುತ್ತಂತೆ. ಅದಕ್ಕೇ ಮೊದ್ಲು ನಿಕ್ಕಲ್ ಹಾಕ್ತಾರಂತೆ.' ಕೀಲಿಕೈಯನ್ನು ಬಟ್ಟೆಯಿಂದ ಉಜ್ಜಿದೆವು. ಕೆಂಪೆಲ್ಲ ಬಟ್ಟೆಗೆ ಬಂತು.

ಲ್ಯಾಬಿನ ವರ್ಷಗಳು ನನಗೆ ಕೊಟ್ಟದ್ದು ಇಷ್ಟೇ: ಅಂಥ ಪ್ರಶ್ನೆ ಬಂದಾಗ ಪೋರ್ಷನ್ ಮುಗಿಸುವ ಆತುರಕ್ಕೆ ಅದನ್ನು ಬಲಿಕೊಡದ ಧೈರ್ಯ. ಉಳಿದದ್ದನ್ನು ಕಲಿಸಿದವರು ಜೊತೆಯ ಮೇಷ್ಟರುಗಳು. ಐವತ್ತು ಮಕ್ಕಳನ್ನು ಹೇಗೆ ಹಿಡಿದಿಡಬೇಕು, ಕನ್ನಡ ಮನೆಮಾತಲ್ಲದ ಮಗುವಿಗೆ 'ವಿದ್ಯುದ್ವಿಭಜನೆ'ಯನ್ನು ಹೇಗೆ ತಿಳಿಸಬೇಕು ಎಂಬುದು ಯಾವ ಪಿಎಚ್.ಡಿ.ಯಲ್ಲೂ ಇರಲಿಲ್ಲ. ಆದ್ದರಿಂದ ಬಿ.ಎಡ್. ಇಲ್ಲದೆ ಹೈಸ್ಕೂಲು ಹುದ್ದೆ ಇಲ್ಲವೆಂಬ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಲ್ಯಾಬು ಬಿಟ್ಟು ಬಂದದ್ದನ್ನು ತ್ಯಾಗ ಎಂದು ಹೊಗಳುವವರ ಮೇಲೆ ಇದೆ. ಹಾಗೆ ಹೊಗಳಿದರೆ, ಮೊದಲಿನಿಂದಲೂ ಇಲ್ಲೇ ದುಡಿಯುತ್ತಿರುವವರ ಕೆಲಸ ಕೀಳೆಂದು ಒಪ್ಪಿಕೊಂಡಂತೆ.

ಸಂಶೋಧನೆಯಲ್ಲಿರುವ ಗೆಳೆಯರೇ, ಬರುವ ಮನಸ್ಸಿದ್ದರೆ ಮೊದಲು ಯಾವುದಾದರೂ ಹೈಸ್ಕೂಲಿನ ಹಿಂದಿನ ಬೆಂಚಿನಲ್ಲಿ ಒಂದು ವಾರ ಕೂತು ನೋಡಿ. ಬಿ.ಎಡ್.ಗೆ ಹಿಡಿಯುವುದು ಎರಡು ವರ್ಷ.