ಅಟ್ಟದ ಮೇಲಿನ ಹಾಡು

ಅಟ್ಟವೆಂದರೆ ಬೇಡವಾದ ಸಾಮಾನಿನ ಬೀಡೆಂದೇ ನಮ್ಮ ಎಣಿಕೆ. ಆದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಅಟ್ಟವು ಐವತ್ತು ವರ್ಷಕ್ಕೂ ಮಿಕ್ಕಿ ಒಂದು ಹಾಡನ್ನು ಕಾಪಾಡಿತು. ‘ರಾಧೇ ಶ್ಯಾಮ್’ ಎಂಬ ಆ ಗೀತೆಯನ್ನು ಸುರೇಶ್ ಜೋಶಿಯವರು 1968ರಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದ್ದರು. ಆಶೀಷ್ ಖಾನರೊಡನೆ ಅದರಲ್ಲಿ ಗಿಟಾರ್ ನುಡಿಸಿದವರು ಜಾರ್ಜ್ ಹ್ಯಾರಿಸನ್, ಡ್ರಮ್ ಬಾರಿಸಿದವರು ರಿಂಗೋ ಸ್ಟಾರ್. ಇಬ್ಬರೂ ಜಗದ್ವಿಖ್ಯಾತ ಬೀಟಲ್ಸ್ ತಂಡದವರು! ಬಿಡುಗಡೆಯನ್ನೇ ಕಾಣದ ಆ ಟೇಪು ಕೊರೋನಾ ದಿಗ್ಬಂಧನದ ಕಾಲದಲ್ಲಿ ಕೈಗೆ ಸಿಕ್ಕಿತು. 2021ರ ನವೆಂಬರಿನಲ್ಲಿ ಲಿವರ್‌ಪೂಲಿನ ಬೀಟಲ್ಸ್ ವಸ್ತುಸಂಗ್ರಹಾಲಯದಲ್ಲಿ ಜನ ಅದನ್ನು ಆಲಿಸಿದಾಗ, ಹ್ಯಾರಿಸನ್ ತೀರಿಕೊಂಡು ಇಪ್ಪತ್ತು ವರ್ಷ ತುಂಬುತ್ತಲಿತ್ತು.

ಲಿವರ್‌ಪೂಲಿನ ಸಮಾಚಾರ ಯಾದಗಿರಿ ಸೀಮೆಯ ಹತ್ತಿಕುಣಿಗೆ ಏತಕ್ಕೆಂದು ಕೇಳುವಿರಾ? ನಮ್ಮೀ ಕಡೆ ತತ್ವಪದ ಹಾಡಿದ ಹಿರಿಯರಿಗೆ, ಬೀಸುವ ಪದ ಹೇಳಿದ ತಾಯಂದಿರಿಗೆ, ಮೊಹರಮ್ಮಿನ ಪದಗಾರರಿಗೆ ಸ್ಟುಡಿಯೋ ಎಲ್ಲಿಂದ ಬರಬೇಕು? ಯಾರೋ ನೆಂಟರು ಮನೆಗೆ ತಂದ ಟೇಪ್‌ರೆಕಾರ್ಡರೇ ಅವರ ಪಾಲಿನ ಸ್ಟುಡಿಯೋ. ಹ್ಯಾರಿಸನ್ನರ ವಾದನಕ್ಕೆ ಬೇರೆ ಎಷ್ಟೋ ಮುದ್ರಿಕೆಗಳುಂಟು. ನಿಮ್ಮ ಅಜ್ಜಿಯ ಕಂಠಕ್ಕೆ ಇರುವುದು ಬಹುಶಃ ಒಂದೇ ಕ್ಯಾಸೆಟ್ಟು.

ಅದೂ ಚಿರಂಜೀವಿಯಲ್ಲ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದು ನಿಂತ ಕಾಂತೀಯ ಪುಡಿಯಲ್ಲಿ ಆ ದನಿ ಅಡಗಿದೆ. ತೇವ ತಗುಲಿದರೆ ಅಂಟು ಸಡಿಲುತ್ತದೆ, ಪುಡಿ ಉದುರುತ್ತದೆ. ಜೊತೆಗೆ ಹಾಡೂ ಉದುರುತ್ತದೆ. ಆದುದರಿಂದ ಸಿಕ್ಕ ಕ್ಯಾಸೆಟ್ಟನ್ನು ಹಳೆಯ ಯಂತ್ರಕ್ಕೆ ತುರುಕುವ ಆತುರ ಬೇಡ. ಬಲ್ಲವರಿಗೆ ತೋರಿಸಿ, ಡಿಜಿಟಲ್ ಪ್ರತಿ ಮಾಡಿಸಿ, ಹಾಡಿದವರ ಹೆಸರನ್ನೂ ಊರನ್ನೂ ಬರೆದಿಡಿ.

ಪ್ರಖ್ಯಾತರ ದನಿಯನ್ನು ಹುಡುಕಲು ಜಗತ್ತೇ ಇದೆ. ಅಜ್ಜಿಯ ದನಿಯನ್ನು ಹುಡುಕಬೇಕಾದವರು ಮನೆಯವರೇ.